ಮುರಿಯಲೆಂದೇ ಮಾಡಿದ ಪಿನ್ನು

ನಮ್ಮ ಚಿಕ್ಕಪ್ಪ ಬಾಯಿ ಮುಚ್ಚಿಕೊಂಡಿದ್ದರೆ ನಾನು ಆ ಟ್ರಕ್ಕನ್ನು ಕೊಳ್ಳುತ್ತಲೇ ಇರಲಿಲ್ಲ. ನನ್ನ ತಮ್ಮ ಸತ್ತ ವಾರದಲ್ಲೇ ಅವನು ನಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದ. "ಹುಡುಗ ಒಳ್ಳೆಯವ್ನೇ. ಆದ್ರೆ ಅವಸರ. ಪಿನ್ ಹಾಕೋ ಜಾಗಕ್ಕೆ ತಾನೇ ಬೋಲ್ಟ್ ಹಾಕ್ಕೊಂಡ. ಯಾರೇನ್ ಮಾಡೋಕಾಗುತ್ತೆ?"

ಅಪ್ಪನ ತಮ್ಮನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಬೇಸರಪಡಬೇಡಿ. ಅವನಿಗೆ ಬಹುವಚನ ದಂಡ.

ಆ ಬೋಲ್ಟಿನ ಕಥೆ ಇಷ್ಟು. ಚಿಕ್ಕಪ್ಪನಿಗೆ ಕಲ್ಲಿನ ಕ್ವಾರಿಯಿದೆ. ಸೈನ್ಯದವರು ಹರಾಜು ಹಾಕಿದ ಹಳೇ ಆರು ಚಕ್ರದ ಟ್ರಕ್ಕೊಂದನ್ನು ಅದರ ಕೆಲಸಕ್ಕೆಂದು ತಂದಿದ್ದ. ಅದರ ಬೆನ್ನ ಮೇಲೊಂದು ವಿಂಚು, ಅಂದರೆ ಉಕ್ಕಿನ ಹಗ್ಗ ಸುತ್ತುವ ದೊಡ್ಡ ಉರುಳೆ. ಕೆಸರಲ್ಲಿ ಹೂತ ಲಾರಿಯಾಗಲಿ, ಗುಡ್ಡದಂಥ ಬಂಡೆಯಾಗಲಿ, ಹಗ್ಗ ಕಟ್ಟಿದರೆ ಎಳೆದು ಹಾಕುತ್ತಿತ್ತು. ಉರುಳೆಯನ್ನು ತಿರುಗಿಸುವ ಶಾಫ್ಟಿನಲ್ಲಿ ಕಿರುಬೆರಳಷ್ಟು ದಪ್ಪದ ಒಂದು ಹಿತ್ತಾಳೆ ಪಿನ್ನು ಇರುತ್ತದೆ. ಭಾರ ಮಿತಿಮೀರಿದರೆ ಎಲ್ಲಕ್ಕಿಂತ ಮೊದಲು ಆ ಪಿನ್ನು ಮುರಿಯಬೇಕು. ಅದು ಮುರಿಯಲೆಂದೇ ಹುಟ್ಟಿದ್ದು. ಅದು ಮುರಿದರೆ ಹಗ್ಗ ಉಳಿಯುತ್ತದೆ, ಹಗ್ಗ ಉಳಿದರೆ ಪಕ್ಕದಲ್ಲಿ ನಿಂತ ಮನುಷ್ಯ ಉಳಿಯುತ್ತಾನೆ. ಅವತ್ತು ಬಂಡೆ ಎಳೆಯುವಾಗ ಪಿನ್ನಿನ ಜಾಗದಲ್ಲಿ ಉಕ್ಕಿನ ಬೋಲ್ಟಿತ್ತು. ಬೋಲ್ಟು ಮುರಿಯಲಿಲ್ಲ, ಹಗ್ಗ ಹರಿದು ಚಾಟಿಯಂತೆ ಬೀಸಿತು. ಪಕ್ಕದಲ್ಲಿ ಲಿವರ್ ಹಿಡಿದು ನಿಂತಿದ್ದವನು, ಕ್ವಾರಿಯಲ್ಲಿ ಆ ವಿಂಚು ನಡೆಸುತ್ತಿದ್ದ ನನ್ನ ತಮ್ಮ.

ನನ್ನದು ಲೇತ್ ಅಂಗಡಿ. ಆ ಪಿನ್ನುಗಳನ್ನು ಕಡೆದು ಕೊಡುತ್ತಿದ್ದವಳು ನಾನೇ. ತಮ್ಮ ಅವನ್ನು ಒಂದು ಸಣ್ಣ ತಗಡಿನ ಡಬ್ಬಿಯಲ್ಲಿ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಹೆಣದ ಜೊತೆ ಆ ಡಬ್ಬಿಯನ್ನೂ ನಮಗೆ ಕೊಟ್ಟರು, ತುಂಬಿದ್ದು ತುಂಬಿದ ಹಾಗೇ ಇತ್ತು. ಜೇಬು ತುಂಬ ಪಿನ್ನು ಇಟ್ಟುಕೊಂಡವನು ಬೋಲ್ಟು ಯಾಕೆ ಹಾಕುತ್ತಾನೆ? ಕಂಡಕಂಡವರನ್ನೆಲ್ಲ ಕೇಳಿದೆ. ಅವರೆಲ್ಲ ನನ್ನನ್ನು ನೋಡಿ ಅಯ್ಯೋ ಪಾಪ ಎಂದರು, ಅಷ್ಟೆ. ಬೋಲ್ಟು ಹೊಡೆದವನು ಚಿಕ್ಕಪ್ಪನೇ ಎಂದು ನನಗೆ ಮಾತ್ರ ಖಾತ್ರಿಯಿತ್ತು, ಅವಸರ ಅವನದೇ.

ಹೊರಗಿನವರದ್ದು ಹಾಳಾಗಲಿ, ನಮ್ಮಮ್ಮನೂ ಅವನ ಮಾತನ್ನು ನಂಬಿದಳು. ಚಿಕ್ಕಂದಿನಲ್ಲಿ ಬಿಸಿ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡವನು, ಕೊನೆಯ ಮೆಟ್ಟಿಲುಗಳನ್ನು ಹಾರಿ ಕಾಲು ಮುರಿದುಕೊಂಡವನು ಅವಳ ಮಗ. ದಿನಾ ಬೆಳಗ್ಗೆ ಅವನ ಫೋಟೋ ಒರೆಸುವಳು, ಒರೆಸುತ್ತಲೇ ಬೈಯುವಳು. "ಅವಸರಗೇಡಿ. ಒಂದ್ ಪಿನ್ ಹಾಕೋಕೆ ನಿಂಗೆ ಏನ್ ರೋಗ ಬಂದಿತ್ತೋ?" ಪಕ್ಕದ ಕೋಣೆಯಲ್ಲಿ ಇದನ್ನು ಕೇಳುತ್ತಾ ನಾನು ಹಲ್ಲು ಕಚ್ಚುತ್ತಿದ್ದೆ. ಚಿಕ್ಕಪ್ಪ ಒಬ್ಬನನ್ನು ಕೊಂದದ್ದು ಸಾಲದೆಂದು, ಸತ್ತವನನ್ನು ಹೆತ್ತ ತಾಯಿಯಿಂದಲೇ ಬೈಯಿಸುತ್ತಿದ್ದ. ಬೋಲ್ಟು ಹಾಕಿದವನು ತಾನೆಂದು ಅವನ ಬಾಯಿಂದಲೇ ಬರಬೇಕು, ಅಮ್ಮನ ಕಿವಿಗೇ ಬೀಳಬೇಕು. ನನಗೆ ಬೇಕಿದ್ದದ್ದು ಅದೊಂದೇ. ಇಲ್ಲ, ಸುಳ್ಳು ಯಾಕೆ, ಅವನು ಹಾಳಾಗುವುದನ್ನೂ ನೋಡಬೇಕಿತ್ತು.

ಟ್ರಕ್ಕನ್ನು ಅವನು ಗುಜರಿಗೆ ಹಾಕಿದ್ದ. ನಾನು ಹುಡುಕಿಕೊಂಡು ಹೋದಾಗ ಅದು ತಗಡಿನ ರಾಶಿಯ ನಡುವೆ, ಹಸಿರು ಬಣ್ಣ ಹಕ್ಕಳೆಹಕ್ಕಳೆಯಾಗಿ ಏಳುತ್ತಾ, ಒಂದು ಕಣ್ಣು ಕಳೆದುಕೊಂಡು ನಿಂತಿತ್ತು.

"ಇದನ್ನ ತಗೊಂಡ್ ಏನಕ್ಕಾ ಮಾಡ್ತೀರಾ? ಯುದ್ಧಕ್ಕೆ ಹೋಗ್ತೀರಾ?" ಎಂದು ಗುಜರಿಯವನು ನಕ್ಕ.

"ಹ್ಞೂ, ಹೋಗ್ತೀನಿ" ಎಂದೆ.

ವಿಂಚಿನ ಶಾಫ್ಟಿನಲ್ಲಿ ಆ ಬೋಲ್ಟು ಇನ್ನೂ ಹಾಗೇ ಇತ್ತು. ಸ್ವಲ್ಪ ಬಾಗಿತ್ತು, ಮುರಿದಿರಲಿಲ್ಲ. ಸುತ್ತಿಗೆಯಿಂದ ತಟ್ಟಿ ತೆಗೆದು, ಒರೆಸಿ, ಡ್ರೈವರ್ ಪಕ್ಕದ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟೆ. ತಮ್ಮನ ಡಬ್ಬಿಯೂ ಅದರ ಪಕ್ಕಕ್ಕೆ ಸೇರಿತು.

ಹಳೇ ಸೈನ್ಯದ ಟ್ರಕ್ಕನ್ನು ಸಾಕುವುದೆಂದರೆ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡ ಹಾಗೆ. ಎಷ್ಟು ಮಾಡಿದರೂ ಸಾಲದು, ಗೊಣಗಾಟ ನಿಲ್ಲದು. ಎಡಗಡೆ ಚಕ್ರದ ನಟ್ಟುಗಳು ಲೋಕದ ನಟ್ಟುಗಳಂತಲ್ಲ, ಬಿಚ್ಚಲು ಉಲ್ಟಾ ತಿರುಗಿಸಬೇಕು. ಅದು ಗೊತ್ತಿಲ್ಲದೆ ನಟ್ಟು ಬಿಚ್ಚುವ ಪಾನಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ಕುಣಿದು, ನಟ್ಟು ಕೂರುವ ಎರಡು ಸ್ಟಡ್ಡು ಮುರಿದ ಮೇಲೆ ಬುದ್ಧಿ ಬಂತು. ಬ್ರೇಕಿನ ರಬ್ಬರುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಬ್ರೇಕಿಗೆ ಗಾಳಿ ಕೊಡುವ ಟ್ಯಾಂಕಿನಿಂದ ದಿನಾ ನೀರು ಬಸಿಯಬೇಕು. ಗ್ರೀಸ್ ಹಾಕುವ ಜಾಗಗಳಂತೂ ಎಣಿಸಿದಷ್ಟೂ ಹೊಸವು ಸಿಗುತ್ತಿದ್ದವು. ಡೀಸೆಲ್ ಕುಡಿಯುವ ವಿಷಯ ಕೇಳಲೇಬೇಡಿ. ಹೊಸ ಹಗ್ಗ ತಂದು, ಎಣ್ಣೆ ಸವರಿ, ಒಂದರ ಪಕ್ಕ ಒಂದು ಕೂರುವಂತೆ ಸುತ್ತಿದೆ. ಬೇರೆಯವರು ಹಗೆಗೆ ಕತ್ತಿ ಮಸೆಯುತ್ತಾರೆ, ನಾನು ಗ್ರೀಸ್ ಹೊಡೆದೆ.

ಬೀದಿಯವರು ನನಗೆ ಮಿಲಿಟರಿ ಅಕ್ಕ ಎಂದು ಹೆಸರಿಟ್ಟರು. ಇಡಲಿ. ಸುತ್ತಮುತ್ತ ಬೇರೆ ಯಾರ ಹತ್ತಿರವೂ ಅಂಥ ವಿಂಚಿಲ್ಲವೆಂದು ನನಗೆ ಗೊತ್ತಿತ್ತು. ಕ್ವಾರಿಯ ದಾರಿ ಹೊಳೆ ದಾಟಿ ಹೋಗುತ್ತದೆ, ಚಿಕ್ಕಪ್ಪನಿಗೆ ಯಾವತ್ತೂ ತಾಳ್ಮೆಯಿಲ್ಲ. ಒಂದಲ್ಲ ಒಂದು ದಿನ ಅವನಿಗೆ ನನ್ನ ಹಗ್ಗ ಬೇಕೇ ಬೇಕಾಗುತ್ತದೆ. ಆ ದಿನ ಬಂದಾಗ ಪಿನ್ನು ಹಾಕುತ್ತೇನೋ ಬೋಲ್ಟು ಹಾಕುತ್ತೇನೋ, ಅದನ್ನು ಮಾತ್ರ ನಾನು ತೀರ್ಮಾನಿಸಿರಲಿಲ್ಲ.

ಆ ದಿನ ಒಂದು ಮಧ್ಯಾಹ್ನ ಬಂತು. ಅವನೇ ಓಡಿಬಂದು ಅಂಗಡಿಯ ಬಾಗಿಲಲ್ಲಿ ನಿಂತ. ಇದ್ದಬದ್ದದ್ದನ್ನೆಲ್ಲ ಸುರಿದು ಕೊಂಡ ಹೊಸ ಜಲ್ಲಿ ಮೆಷಿನ್ನು, ಅದನ್ನು ಹೊತ್ತ ಹೊಸ ಲಾರಿ, ಎರಡೂ ಹೊಳೆಯ ದಡದಲ್ಲಿ ಜಾರಿ ಹೂತಿದ್ದವು. ಮೇಲೆಲ್ಲೋ ಮಳೆಯಾಗಿ ನೀರು ಏರುತ್ತಿತ್ತು.

ನಾನು ಲೇತ್ ನಿಲ್ಲಿಸಲಿಲ್ಲ. ಅಮ್ಮ ಒಳಗಿನಿಂದ ಬಂದಳು. "ಹೋಗೇ. ಎಷ್ಟಾದ್ರೂ ನಿಮ್ಮಪ್ಪನ ಬೆನ್ನಿಗೆ ಬಿದ್ದೋನು."

"ಹೋಗ್ತೀನಮ್ಮ."

"ನಾನೂ ಬರ್ತೀನಿ. ನೀನು ಅಲ್ಲಿ ಜಗಳಕ್ಕೆ ನಿಲ್ತೀಯ."

ನಾನು ಬೇಡ ಎನ್ನಲಿಲ್ಲ. ಕೈಹಿಡಿದು ಹತ್ತಿಸಿ ಕೂರಿಸಿದೆ.

ಲಾರಿಯ ಹಿಂದಿನ ಚಕ್ರಗಳು ಆಗಲೇ ನೀರಿನಲ್ಲಿದ್ದವು. ಡ್ರೈವರ್ ಇಳಿದು ದಡಕ್ಕೆ ಬಂದಿದ್ದ, ಕ್ವಾರಿಯ ಆಳುಗಳೆಲ್ಲ ಸುಮ್ಮನೆ ನಿಂತಿದ್ದರು. ನಾನು ಟ್ರಕ್ಕನ್ನು ಮೇಲೆ ನಿಲ್ಲಿಸಿ, ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು, ಹಗ್ಗದ ಕೊಕ್ಕೆಯನ್ನು ಲಾರಿಯ ಮೂತಿಗೆ ಸಿಕ್ಕಿಸಿದೆ. ತಮ್ಮನ ಡಬ್ಬಿಯಿಂದ ಒಂದು ಪಿನ್ನು ತೆಗೆದು ಹಾಕಿದೆ. ಕೈ ತಾನಾಗಿ ಡಬ್ಬಿಗೇ ಹೋಯಿತು, ಯಾಕೆಂದು ಕೇಳಬೇಡಿ. ಉರುಳೆ ತಿರುಗಿತು, ಲಾರಿ ಒಂದು ಮೊಳ ಮೇಲೆ ಬಂತು, ಪಿನ್ನು ಟಪ್ಪೆಂದು ಮುರಿಯಿತು.

ಪಿನ್ನು ಮುರಿದರೂ ಉರುಳೆಯ ಬೀಗ ಹಗ್ಗವನ್ನು ಹಿಂದಕ್ಕೆ ಬಿಡುವುದಿಲ್ಲ, ಕಚ್ಚಿ ಹಿಡಿಯುತ್ತದೆ. ಲಾರಿ ನನ್ನ ಹಗ್ಗಕ್ಕೆ ಜೋತುಬಿದ್ದಿತ್ತು.

"ಭಾರ ಜಾಸ್ತಿ ಆಯ್ತು. ಮೆಷಿನ್ ಬಿಚ್ಚಿ ಉರುಳಿಸ್ಬಿಡು, ಲಾರಿಯಾದ್ರೂ ಉಳಿಯುತ್ತೆ" ಎಂದೆ.

"ಮೆಷಿನ್ ಬಿಡೋಕಾಗಲ್ಲ! ಇನ್ನೊಂದ್ ಸಲ ಎಳಿ!"

ಇನ್ನೊಂದು ಪಿನ್ನು ಹಾಕಿದೆ. ಅದೂ ಮುರಿಯಿತು. ನೀರು ಲಾರಿಯ ನಡುವಿಗೆ ಬಂದಿತ್ತು.

"ಅದೇನು ಗುಂಡುಸೂಜಿ ಇಟ್ಕೊಂಡು ಆಟ ಆಡ್ತೀಯ?" ಚಿಕ್ಕಪ್ಪ ಕಿರುಚಿದ. "ಒಂದು ಗಟ್ಟಿ ಬೋಲ್ಟ್ ಹಾಕು!"

ನಾನು ಕ್ಯಾಬಿನ್ನಿನ ಬಾಗಿಲು ತೆಗೆದೆ. ಅಮ್ಮನ ಕಾಲಡಿಯ ಪೆಟ್ಟಿಗೆಯಿಂದ ಆ ಬಾಗಿದ ಬೋಲ್ಟನ್ನು ತೆಗೆದು ತೋರಿಸಿದೆ. ಬಾಗಿಲನ್ನು ಹಾಗೇ ತೆರೆದಿಟ್ಟೆ. "ಇದನ್ನಾ?"

"ಹ್ಞೂ, ಅದನ್ನೇ! ಅವತ್ತೂ ಅದೇ ತಾನೆ ಬಂಡೆ ಎಳೆದಿದ್ದು!"

"ಅವತ್ತು ಇದನ್ನ ಯಾರು ಹಾಕಿದ್ದು ಚಿಕ್ಕಪ್ಪ? ತಮ್ಮನಾ?"

"ಅವನೆಲ್ಲಿ ಹಾಕ್ತಾನೆ? ಪಿನ್ನು ಪಿನ್ನು ಅಂತ ನಿನ್ ಥರಾನೇ ಪ್ರಾಣ ತಿಂತಿದ್ದ. ಅವನು ಅತ್ಲಾಗ್ ಹೋದಾಗ ನಾನೇ ಹೊಡೆದು ಕೂರಿಸ್ದೆ. ಈಗ ಅದನ್ನ ಕಟ್ಕೊಂಡು ಏನು? ಲಾರಿ ಹೋಗ್ತಿದೆ, ಹಾಕೇ!"

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಏನು ಹೇಳಿದೆನೆಂಬುದು ಅವನಿಗೆ ಎಲ್ಲರಿಗಿಂತ ತಡವಾಗಿ ತಿಳಿಯಿತು.

"ಸರಿ, ಹಾಕ್ತೀನಿ. ಲಿವರ್ ನೀನು ಹಿಡಿ. ಬಾ, ಹಗ್ಗದ ಪಕ್ಕ ನಿಂತ್ಕೋ, ಅವನು ನಿಂತಿದ್ದ ಕಡೆ."

ಅವನು ಹಗ್ಗವನ್ನು ನೋಡಿದ, ಬೋಲ್ಟನ್ನು ನೋಡಿದ, ಒಂದು ಹೆಜ್ಜೆ ಹಿಂದಕ್ಕೆ ಹೋದ. ಬಂದು ನಿಂತಿದ್ದರೆ ನಾನು ಬೋಲ್ಟು ಹಾಕುತ್ತಿದ್ದೆ.

ಅಷ್ಟರಲ್ಲಿ ದಿಮ್ಮಿಗಳು ಕಿರುಗುಟ್ಟಿದವು. ಹೊಳೆ ಲಾರಿಯನ್ನು ಎಳೆಯುತ್ತಿತ್ತು, ಲಾರಿ ನನ್ನ ಟ್ರಕ್ಕನ್ನು ಎಳೆಯುತ್ತಿತ್ತು. ಅಮ್ಮನನ್ನು ಇಳಿಸಿಕೊಂಡು, ಸುತ್ತಿಗೆ ಹಿಡಿದು ಉರುಳೆಯ ಬೀಗದ ಹತ್ತಿರ ಹೋದೆ.

"ಬಿಡಬೇಡ್ವೇ! ನನ್ನ ಸರ್ವಸ್ವ ಅದು!" ಚಿಕ್ಕಪ್ಪ ಅಮ್ಮನ ಕಡೆ ಕೈ ಚಾಚಿದ. "ಅತ್ತಿಗೆ, ನೀವಾದ್ರೂ ಹೇಳಿ!"

ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬಿಡು" ಎಂದಳು, ನನಗೆ.

ಹೊಡೆದೆ. ಉರುಳೆ ಗಿರ್ರೆಂದು ಬಿಚ್ಚಿಕೊಂಡಿತು, ಹಗ್ಗದ ತುದಿಯೂ ಕಿತ್ತುಕೊಂಡು ಹೋಯಿತು. ಲಾರಿ ಒಂದು ಕಡೆಗೆ ವಾಲಿ, ಮೆಷಿನ್ನನ್ನು ಹೊತ್ತುಕೊಂಡೇ ಮುಳುಗಿತು. ನನಗೆ ಎದೆ ತಣ್ಣಗಾಯಿತು. ಇನ್ನೊಂದು ಲಾರಿ ಇದ್ದಿದ್ದರೆ ಅದನ್ನೂ ಬಿಡುತ್ತಿದ್ದೆ.

ಚಿಕ್ಕಪ್ಪ ಕೆಸರಿನಲ್ಲಿ ಕುಸಿದು ಕೂತಿದ್ದ. ಅಮ್ಮ ನನ್ನ ಕೈಯಿಂದ ಬೋಲ್ಟನ್ನು ತೆಗೆದುಕೊಂಡು ಹೋಗಿ ಅವನ ಅಂಗೈಯಲ್ಲಿಟ್ಟಳು. "ತಗೋ, ಇದು ನಿಂದು. ಇಷ್ಟು ದಿನ ನನ್ನ ಮಗನ ತಲೆಗೆ ಕಟ್ಟಿದ್ದೆ."

ಹಿಂದಿರುಗುವ ದಾರಿಯಲ್ಲಿ ಅವಳು ಡಬ್ಬಿ ಕೊಡು ಎಂದಳು. ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದು, ಪಿನ್ನುಗಳ ಮೇಲೆ ಬೆರಳಾಡಿಸಿದಳು. ಎಂಜಿನ್ನಿನ ಸದ್ದಿನಲ್ಲಿ ಅವಳ ದನಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅವಳು ಮಾತಾಡುತ್ತಿದ್ದುದು ನನ್ನ ಜೊತೆಯೂ ಅಲ್ಲ.

"ಇಷ್ಟೊಂದ್ ಪಿನ್ ಇತ್ತಲ್ಲೋ ನಿನ್ ಹತ್ರ" ಎಂದಳು.