ಹರಿದ ಶಿವದಾರ

ಶತ್ರುವಿಮಾನಗಳನ್ನು ಆಕಾಶದಲ್ಲೇ ತಡೆದು ಹೊಡೆಯಬೇಕಾದ ಹೊಸ ಜೆಟ್ಟಿನ ಇಂಜಿನ್ ಅಂಬತ್ತೂರಿನ ಶೆಡ್ಡಿನಲ್ಲಿ ಪರೀಕ್ಷೆಗೆ ಸಿದ್ಧವಾಗಿತ್ತು. ಒಂದು ಮೊಳೆ ಒಳಗೆ ಬಿದ್ದರೂ ಅದು ಸಿಡಿಯುತ್ತದೆಂದು ಮುಖ್ಯ ಇಂಜಿನಿಯರ್ ಪ್ರಭುದೇವ ಎಲ್ಲರ ಮೈಮೇಲಿನ ಲೋಹ ಬಿಚ್ಚಿಸಿದ. ಮೆಕ್ಯಾನಿಕ್ ಸೆಲ್ವಂ ಮಾತ್ರ ಕೊರಳ ತಾಯಿತ ಬಿಡಲೊಲ್ಲ.

"ಅಮ್ಮಾ ಕಟ್ಟಿನದು ಸಾರ್."

"ನಿಮ್ಮಮ್ಮನ ದೇವರು ಹೊರಗ! ಇಲ್ಲಿ ನನ್ನ ಇಂಜಿನ್ ಐತಿ," ಎಂದು ಪ್ರಭುದೇವ ಕನ್ನಡದಲ್ಲೇ ಗದರಿ ತಾಯಿತವನ್ನು ಕಿತ್ತೆಸೆದ.

"ಸರ್, ನಿಮ್ಮ ಲಿಂಗದ ಕರಡಿಗಿನೂ ಬೆಳ್ಳೀದಲ್ರೀ?" ಎಂದಳು ಸಹಾಯಕಿ ಕೋಮಲಾ.

"ಲಿಂಗ ಮೈಬಿಟ್ಟು ಇಳಿಯಂಗಿಲ್ಲ. ಲಿಂಗಾಯತರ ಮಗಳಾಗಿ ಅಷ್ಟೂ ಗೊತ್ತಿಲ್ಲೇನು?"

ಕೊನೆಯ ಸಲ ನೋಡಲು ಪ್ರಭುದೇವ ಇಂಜಿನ್ನಿನ ಬಾಯೊಳಗೆ ಎದೆಯ ತನಕ ಬಗ್ಗಿ ಎದ್ದ. ಎಲ್ಲರೂ ಗಾಜಿನ ಗೋಡೆಯ ಹಿಂದೆ ನಿಂತರು.

ಇಂಜಿನ್ ಕಿರುಚುತ್ತಾ ವೇಗ ಹಿಡಿದು ಒಮ್ಮೆಲೇ ಸಿಡಿಯಿತು. ಮುರಿದ ಬ್ಲೇಡೊಂದು ಗಾಜನ್ನು ಸೀಳಿಕೊಂಡು ಬಂದು ಸೆಲ್ವಂನ ತೋಳನ್ನು ಮೊಣಕೈಗೇ ಕತ್ತರಿಸಿಹಾಕಿತು.

ರಕ್ತದಲ್ಲಿ ಬಿದ್ದವನ ಅಂಗಿ ಹಿಡಿದು ಪ್ರಭುದೇವ ಅಲುಗಾಡಿಸಿದ. "ಕಿಸೆದಾಗ ಏನ್ ಇಟ್ಕೊಂಡಿದ್ದಿಲೇ? ಬೊಗಳು!" ಕೆನ್ನೆಗೆ ಬಾರಿಸಿದ, ಮತ್ತೆ ಬಾರಿಸಿದ. ಇನ್ನೊಮ್ಮೆ ಕೈ ಎತ್ತಿದಾಗ ಕೋಮಲಾ ಅವನ ಕೊರಳಿಗೇ ಕೈಹಾಕಿ ಕರಡಿಗೆ ಕಟ್ಟಿದ್ದ ಶಿವದಾರವನ್ನು ಹೊರಗೆಳೆದಳು.

ದಾರ ಹರಿದಿತ್ತು. ಕರಡಿಗೆ ಇರಲಿಲ್ಲ.