ತಲೆಯ ಕಡೆ ಹಿಡಿದವನು

ಬಾವಲಿಯ ಕಥೆಯನ್ನು ತಲೆಯಿಂದ ಶುರು ಮಾಡಬೇಕೋ ಕಾಲಿನಿಂದಲೋ? ನೇತಾಡುವಾಗ ಅದರ ಕಾಲು ಮೇಲೆ, ತಲೆ ಕೆಳಗೆ. ಪುಟವನ್ನು ಮೇಲಿನಿಂದ ಓದುವ ನಿಮಗೆ ಮೊದಲು ಸಿಗುವುದು ಕಾಲು. ಆದರೆ ಈ ಕಥೆಯ ತಂಟೆಯೆಲ್ಲ ಇರುವುದು ತಲೆಯಲ್ಲಿ, ಅದರಲ್ಲೂ ಎಡಗಿವಿಯಲ್ಲಿ. ಹಾಗಾಗಿ ಮೂರು ಸಲ ಶುರು ಮಾಡಿದೆ, ಮೂರು ಸಲ ಹರಿದೆ.

(ಹರಿದದ್ದರಲ್ಲಿ ಒಂದು ಪರವಾಗಿರಲಿಲ್ಲ. 'ಸಂಜೆ ಇಳಿಯುತ್ತಿತ್ತು' ಎಂದು ಶುರುವಾಗುತ್ತಿತ್ತು. ಎಲ್ಲ ಕಥೆಗಳಲ್ಲೂ ಸಂಜೆ ಇಳಿಯುತ್ತದೆ, ಯಾವುದರಲ್ಲೂ ಹತ್ತುವುದಿಲ್ಲ. ಬಿಟ್ಟೆ.)

೧

ಒಬ್ಬರು ವಿಜ್ಞಾನಿ ಇದ್ದರು, ಎಲ್ಲರಿಗೂ ಮೇಡಂ. ಮೂವತ್ತೊಂದು ವರ್ಷ ಬಾವಲಿಗಳನ್ನೇ ಓದಿದವರು. ಎಲ್ಲಿ ಮಲಗುತ್ತವೆ, ಏನು ತಿನ್ನುತ್ತವೆ, ಯಾವುದಕ್ಕೆ ಯಾವುದು ಎಷ್ಟನೇ ತಲೆಮಾರಿನ ನೆಂಟ, ಇದೇ ಅವರ ಕೆಲಸ. ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರಿಂದ ಬೀದಿಯವರೆಲ್ಲ ಅವರಿಗೆ ಮಂಡಿನೋವು ತೋರಿಸುತ್ತಿದ್ದರು. ಅವರೂ ಪಾಪ, ಒತ್ತಿ ನೋಡಿ, "ಬಾವಲಿ ಮಂಡಿ ಹಿಂದುಮುಂದಾಗಿರುತ್ತೆ. ನಿಮ್ಮದು ಸರಿಯಾಗೇ ಇದೆ," ಎಂದು ಕಳಿಸುತ್ತಿದ್ದರು. ಅರ್ಧ ಜನಕ್ಕೆ ವಾಸಿಯೂ ಆಗುತ್ತಿತ್ತು.

ಅವರ ಜೊತೆಗೆ ಒಬ್ಬ ಬಲೆಯವನು. ಕೂದಲೆಳೆಯಂಥ ನೂಲಿನ ಬಲೆಯನ್ನು ಎರಡು ಗಳುಗಳ ನಡುವೆ ಕಟ್ಟುವುದು, ಬಿದ್ದ ಬಾವಲಿಯನ್ನು ಬಿಡಿಸುವುದು, ಹರಿದಲ್ಲಿ ಹೆಣೆಯುವುದು ಅವನ ಕಸುಬು.

(ಬಲೆಯವನೂ ನಾನೂ ಒಂದೇ ಅಂಗಿ ತೊಡುತ್ತೇವೆ. ಆದರೆ ಮೇಡಂ ಬರೆದ ಪೇಪರುಗಳಲ್ಲಿ 'ನಾನು' ಬರುವುದಿಲ್ಲ. 'ಬಲೆ ಕಟ್ಟಲಾಯಿತು' ಎಂದಿರುತ್ತದೆ, ಗಾಳಿ ಬಂದು ಕಟ್ಟಿಹೋದ ಹಾಗೆ. ಓದಿದವರ ಪದ್ಧತಿ. ನಾನೂ ಅವನನ್ನು ಅವನು ಎಂದೇ ಕರೆಯುತ್ತೇನೆ.)

೨

ಹದಿನೆಂಟು ವರ್ಷದ ಹಿಂದಿನ ಮಾತು. ಬಾಗಿಲು ಮುಚ್ಚಿದ ಒಂದು ಮುದ್ರಣಾಲಯ, ಅದರ ನೆಲಮಾಳಿಗೆಯ ತುಂಬ ಬಾವಲಿ. ನಲವತ್ತು ದಿನಕ್ಕೊಮ್ಮೆ, ಹೊತ್ತು ಮುಳುಗುವ ಮುಂಚೆ, ಇಬ್ಬರೂ ಹೋಗಿ ಮೆಟ್ಟಿಲ ಬಾಯಿಗೆ ಬಲೆ ಕಟ್ಟುವರು. ಬಾವಲಿಗಳು ಜಾಣ ಜಾತಿ. ಮೊದಲ ದಿನವೇ ಬಲೆ ಗುರುತಿಸಿ, ಅದರ ಮೇಲಿನ ಗೇಣಗಲ ಸಂದಿಯಲ್ಲಿ ನೂರಾರು ಹಾರಿಹೋದವು. ಬಿದ್ದದ್ದು ಒಂದೇ ಒಂದು.

ಬಲೆಯವನು ಅದರ ತಲೆಗೆ ಬಟ್ಟೆ ಸುತ್ತಿ ಅಂಗೈಯಲ್ಲಿ ಹಿಡಿದ. ಮೇಡಂ ರೆಕ್ಕೆ ಬಿಡಿಸಿ, ಅದರ ತೊಗಲಿನಿಂದ ಸಾಸಿವೆಯಷ್ಟಗಲದ ಚೂರು ಕತ್ತರಿಸಿ ಕೊಳವೆಗೆ ಹಾಕಿದರು. ಆ ಚೂರಿನಲ್ಲಿ ಅದರ ಕುಲಗೋತ್ರವೆಲ್ಲ ಇರುತ್ತದಂತೆ. ಕೊನೆಗೆ ಒಂದು ಡ್ರಾಪರ್ ಗ್ಲೂಕೋಸ್ ನೀರು ಕುಡಿಸಿ ಬಿಟ್ಟರು. ರೆಕ್ಕೆಯಲ್ಲಿ ತೂತಿದ್ದರೆ ಹಳೆಯದು, ಇಲ್ಲದಿದ್ದರೆ ಹೊಸದು. ಅಷ್ಟೇ ಲೆಕ್ಕ.

ನಲವತ್ತು ದಿನ ಕಳೆದು ಹೋದರೆ ಮತ್ತೆ ಒಂದೇ ಬಿತ್ತು. ಎಡಗಿವಿಯ ತುದಿ ಹರಿದಿತ್ತು. ಹೋದ ಸಲದ್ದಕ್ಕೂ ಹರಿದಿತ್ತಲ್ಲ?

"ಮೇಡಂ, ಇದು ಹೋದ ಸಲದ್ದೇ ಅಲ್ವಾ?"

ಮೇಡಂ ರೆಕ್ಕೆಯನ್ನು ದೀಪಕ್ಕೆ ಹಿಡಿದು ನೋಡಿದರು. "ತೂತೆಲ್ಲಿದೆ? ಹೊಸದು. ಬಾವಲಿ ಎಲ್ಲಾ ಒಂದೇ ಥರ ಕಾಣ್ತವೆ ಕಣಯ್ಯ, ನಿನಗಿನ್ನೂ ಅಭ್ಯಾಸ ಇಲ್ಲ."

ಬಲೆಯವನು ಹರಿದ ಕಿವಿಯ ಮೇಲೆ ಬಟ್ಟೆ ಸುತ್ತಿದ. ತೂತು ಹೆಣೆದೇ ಬೆರಳು ಸವೆಸಿಕೊಂಡವನು ಅವನು. ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದರೆ ಅವನೇ ನಂಬುವ ಹಾಗಿರಲಿಲ್ಲ.

೨ (ಮತ್ತೆ. ಎರಡನೆಯದು ಮುಗಿದಿಲ್ಲ.)

ಹೀಗೆ ಇಪ್ಪತ್ತೆರಡು ಸಲ, ಇಪ್ಪತ್ತೆರಡು ಕೊಳವೆ. ತೋಳಿನ ಉದ್ದ ಅಳೆದರೆ ಇಪ್ಪತ್ತೆರಡಕ್ಕೂ ಕೂದಲಷ್ಟೂ ವ್ಯತ್ಯಾಸವಿಲ್ಲ. "ಎಂಥಾ ಏಕರೂಪ!" ಎಂದು ಮೇಡಂ ಬೆರಗಾದರು. ತೂಕ ಮಾತ್ರ ಸಲಸಲಕ್ಕೂ ಒಂದಿಷ್ಟು ಏರುತ್ತಿತ್ತು. ಅದಕ್ಕೆ 'ಸಮುದಾಯದ ಪೌಷ್ಟಿಕತೆ ಸುಧಾರಿಸುತ್ತಿದೆ' ಎಂದು ಬರೆಯಲಾಯಿತು.

ತಾಯಿಯಿಂದ ಮಕ್ಕಳಿಗೆ ಇಳಿಯುವ ಒಂದು ಎಳೆಯನ್ನು ಓದುವಷ್ಟೇ ಆಗಿನ ಮೆಷೀನಿಗೆ ಬರುತ್ತಿತ್ತು. ಇಪ್ಪತ್ತೆರಡರಲ್ಲೂ ಅದೇ ಎಳೆ. ಮೇಡಂ ಪೇಪರು ಬರೆದರು: ನೆಲಮಾಳಿಗೆಯ ಬಾವಲಿಗಳೆಲ್ಲ ಒಬ್ಬಳೇ ಅಜ್ಜಿಯ ಸಂತಾನ. ದೂರದ ದೊಡ್ಡವರೆಲ್ಲ ಹೌದೌದು ಎಂದರು. ಪೇಪರಿಗೆ ಗಾಜು ಹಾಕಿ ಗೋಡೆಗೆ ನೇತುಹಾಕಿದರು, ನೆಟ್ಟಗೆ. ಕೆಲಸ ಬೇರೆ ಗುಹೆಗಳಿಗೆ ಹೋಯಿತು. ನೆಲಮಾಳಿಗೆಯ ಕಂಬಿ ಬಾಗಿಲಿಗೆ ಬೀಗ ಬಿತ್ತು. ಕಂಬಿಯ ನಡುವೆ ಬಾವಲಿ ನುಸುಳಬಹುದು, ಮನುಷ್ಯರಲ್ಲ.

ರೆಕ್ಕೆಯ ತೂತು ತಿಂಗಳೊಳಗೆ ಕೂಡಿಕೊಳ್ಳುತ್ತದೆ ಎಂದು ಬಲೆಯವನಿಗೆ ಗೊತ್ತಾದದ್ದು ಒಂಬತ್ತು ವರ್ಷದ ಮೇಲೆ, ಬೇರೊಂದು ಗುಹೆಯಲ್ಲಿ. ಕಾಲುಂಗುರ ತೊಡಿಸಿದ ಬಾವಲಿಯೊಂದು ಮರಳಿ ಸಿಕ್ಕಿತು. ಉಂಗುರ ಇದೆ, ತೂತು ಇಲ್ಲ. ಮೇಡಂ ಅದನ್ನು ಬರೆದುಕೊಂಡು ಮುಂದಿನ ಬಾವಲಿಗೆ ಹೋದರು. ಬಲೆಯವನು ಮಾತ್ರ ಅಲ್ಲೇ ಕುಕ್ಕರಿಸಿದ. ಹೇಳೋಣವೆಂದರೆ ಗಾಜು ಹಾಕಿಯಾಗಿತ್ತು.

೩

(ಕಾಣೆಯಾಗಿದೆ. ಇದರಲ್ಲಿ ಮೇಡಂ ಅವರ ಸ್ವಭಾವ ವರ್ಣನೆ ಇತ್ತು. ಅವರು ಪುಟದೊಳಗಿಂದಲೇ ಓದಿ, "ಹಠಮಾರಿ ಅನ್ನೋದಕ್ಕೆ ಡೇಟಾ ಎಲ್ಲಿದೆ?" ಎಂದು ಹೊಡೆದುಹಾಕಿದರು.)

೪

ಈಗ ಮೇಡಂಗೆ ನಿವೃತ್ತಿ. ಶುಕ್ರವಾರ ಬೀಳ್ಕೊಡುಗೆ ಭಾಷಣ, ವಿಷಯ 'ಒಬ್ಬಳೇ ಅಜ್ಜಿ'. ಅವರ ಕೊನೆಯ ಶಿಷ್ಯೆ ಸದಾ ಕೋಲ್ಡ್‌ರೂಮಿನಲ್ಲಿದ್ದು ಎರಡೆರಡು ಸ್ವೆಟರ್ ತೊಡುವವಳು, ಹಾಗಾಗಿ ಸ್ವೆಟರಮ್ಮ. ಬುಧವಾರ ಅವಳು ಇಪ್ಪತ್ತೆರಡು ಕೊಳವೆಗಳ ಟ್ರೇ ಎತ್ತಿಕೊಂಡು ಬಂದಳು.

"ಮೇಡಂಗೆ ಹೇಳ್ಬೇಡಿ ಅಜ್ಜ, ಸರ್‌ಪ್ರೈಸು. ಹೊಸ ಮೆಷೀನು ಪೂರ್ತಿ ಜೀನು ಓದುತ್ತೆ. ಅಜ್ಜಿಯ ಇಡೀ ವಂಶವೃಕ್ಷ ಸ್ಕ್ರೀನ್ ಮೇಲೆ ಬರುತ್ತೆ, ಎಲ್ಲರೆದುರು."

"ಮರ ಬರುತ್ತಾ?"

"ಬರದೆ ಏನು?"

"ಕೊಂಬೆ ಇಲ್ದೆ ಬರೀ ಬೊಡ್ಡೆ ಬಂದ್ರೆ?"

"ಅಜ್ಜಾ, ನೀವು ಬಲೆ ನೋಡ್ಕೊಳ್ಳಿ," ಎಂದು ನಕ್ಕು ಹೋದಳು.

ತುಂಬಿದ ಸಭೆಯಲ್ಲಿ, ಮೇಡಂ ಬೆನ್ನ ಹಿಂದೆ, ಆಳೆತ್ತರದ ಬೊಡ್ಡೆ. ಬಲೆಯವನು ಅಂದು ಹರಿಯದ ಬಲೆಯನ್ನೂ ಹೆಣೆದ.

೫

ಕಥೆ ಬರೆಯುವವನು ನಾನು, ಅವನ ಕಷ್ಟಕ್ಕೆ ದಾರಿ ಮಾಡಬೇಕಾದವನೂ ನಾನೇ. ಒಂದು ಮುಕ್ತಾಯ ಕೊಟ್ಟೆ: ಕೋಲ್ಡ್‌ರೂಮಿನ ಪ್ಲಗ್ ಕೀಳು, ಕೊಳವೆಗಳು ಕೆಟ್ಟುಹೋಗಲಿ.

"ಪಕ್ಕದ ಕಪಾಟಲ್ಲಿ ಕಪ್ಪೆ ಸಾರ್ ಅವರ ಹನ್ನೆರಡು ವರ್ಷದ ಕಪ್ಪೆಗಳಿವೆ," ಎಂದ ಬಲೆಯವನು. "ನಾನು ಹೆಣೆಯೋನು, ಕೀಳೋನಲ್ಲ."

ಇನ್ನೊಂದು ಕೊಟ್ಟೆ: ಆ ಬಾವಲಿಯೇ ಸಭೆಗೆ ಬಂದು ಮೈಕಿಗೆ ಜೋತುಬಿದ್ದು ಎಲ್ಲವನ್ನೂ ಹೇಳಿಬಿಡಲಿ. ಕೇಳಿದ್ದೇ ತಡ, ಅದು ಬಂದು ಈ ಹಾಳೆಯ ಅಂಚಿಗೇ ಜೋತುಬಿದ್ದಿತು.

"ಹಗಲು ಭಾಷಣಕ್ಕೆಲ್ಲಾ ನಾನು ಬರಲ್ಲ," ಎಂದಿತು. "ಇಪ್ಪತ್ತೆರಡು ಸಲ ತೂತು ಹಾಕಿಸ್ಕೊಂಡಿದ್ದೀನಿ. ಪೇಪರಲ್ಲಿ ನನ್ನ ಹೆಸರಿದೆಯಾ?"

"ನನ್ನದೂ ಇಲ್ಲ ತಾಯಿ."

"ನೀನು ಸಂಬಳಕ್ಕೆ ಬರ್ತಿದ್ದೆ. ನಾನು ಡ್ರಾಪರ್‌ಗೆ. ಇಬ್ಬರಲ್ಲಿ ಯಾರಿಗೆ ಹೆಚ್ಚು ಮಾನ?" ಎಂದು, ಇಷ್ಟು ಹೊತ್ತು ಬರೆದದ್ದನ್ನೆಲ್ಲ ತಲೆಕೆಳಗಾಗಿ ಓದಿ, ಹೀಗೇ ಚೆನ್ನಾಗಿದೆ ಎಂದು ಹಾರಿಹೋಯಿತು.

(ಎರಡೂ ಹೊಡೆದುಹಾಕಿದೆ. ಇನ್ನು ಉಳಿದದ್ದು ನಡೆದದ್ದು.)

೬

ಗುರುವಾರ ಬೆಳಿಗ್ಗೆ ಮೇಡಂ ಕೋಣೆ. ಮೇಜಿನ ಮೇಲೆ ಆರಿದ ಕಾಫಿ, ಗೋಡೆಯ ಮೇಲೆ ಗಾಜು. ಬಲೆಯವನು ಕೂರಲಿಲ್ಲ.

"ಮೇಡಂ, ಆ ಇಪ್ಪತ್ತೆರಡೂ ಒಂದೇ."

"ಗೊತ್ತಲ್ಲಯ್ಯ, ಒಂದೇ ವಂಶ."

"ವಂಶ ಅಲ್ಲ. ಒಂದೇ ಬಾವಲಿ. ಎಡಗಿವಿ ಹರಿದಿತ್ತು. ಗ್ಲೂಕೋಸಿಗೆ ಬರ್ತಿತ್ತು."

ಮೇಡಂ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ. ಹಳೆಯ ನೋಟ್‌ಬುಕ್ ಎಳೆದು ತೋಳಿನ ಅಳತೆಯ ಸಾಲಿನ ಮೇಲೆ ಬೆರಳಾಡಿಸಿದರು. ಇಪ್ಪತ್ತೆರಡನೆಯದರ ಮೇಲೆ ಬೆರಳು ನಿಂತಿತು.

"ನಾನು ಯಾಕೆ ಕಿವಿ ನೋಡಲಿಲ್ಲ?"

"ನೀವು ರೆಕ್ಕೆ ಕಡೆ ಇದ್ರಿ. ತಲೆ ನನ್ನ ಕೈಯಲ್ಲಿತ್ತು."

"ಮತ್ತೆ ಹೇಳಬಾರದಿತ್ತಾ?"

"ಒಂದು ಸಲ ಹೇಳ್ದೆ."

ಮೇಡಂಗೆ ನೆನಪಾಯಿತು. ಆಗದಿದ್ದರೆ ಮುಖ ಹಾಗಾಗುತ್ತಿರಲಿಲ್ಲ. ನೋಟ್‌ಬುಕ್ ಮುಚ್ಚಿ, "ಅಜ್ಜಿ ಒಬ್ಬಳೇ ಅಂದಿದ್ದು ಸುಳ್ಳಲ್ಲ ನೋಡು," ಎಂದರು. "ಮೊಮ್ಮಕ್ಕಳನ್ನ ನಾವು ಸೇರಿಸಿದ್ವಿ."

ಇಬ್ಬರೂ ನಗಲಿಲ್ಲ. ಆಮೇಲೆ ಇಬ್ಬರೂ ನಕ್ಕರು. ಕಪ್ಪೆ ಸಾರ್ ಬಾಗಿಲಿಂದ ಇಣುಕಿ, ಯಾರಿಗೋ ಏನೋ ಆಗಿದೆ ಎಂದುಕೊಂಡು ಹೋದರು.

ಬಲೆಯವನಿಂದ ಟ್ರೇ ವಿಷಯ ಕೇಳಿದ ಮೇಲೆ ಮೇಡಂ ಫೋನು ಎತ್ತಿ ಸ್ವೆಟರಮ್ಮನಿಗೆ, "ಇಪ್ಪತ್ತೆರಡೂ ಹಾಕು. ಏನು ಬಂದರೂ ಸ್ಕ್ರೀನ್ ಮೇಲೆ ತೋರಿಸು, ನಾನೇ ವಿವರಿಸ್ತೀನಿ," ಎಂದರು. ಫೋನಿಟ್ಟು, "ಬಲೆ ಎಲ್ಲಿದೆ?" ಎಂದರು.

೭

ನೆಲಮಾಳಿಗೆಯ ಬೀಗಕ್ಕೆ ಎಣ್ಣೆ ಬಿಟ್ಟು ತೆಗೆದಾಗ ಹೊತ್ತಿನ್ನೂ ಇತ್ತು. (ಸಂಜೆ ಇಳಿಯುತ್ತಿತ್ತು. ಕೊನೆಗೂ.) ಬಲೆಯವನು ಅದೇ ಮೆಟ್ಟಿಲ ಬಾಯಿಗೆ ಬಲೆ ಕಟ್ಟಿದ. 'ಕಟ್ಟಲಾಯಿತು' ಅಲ್ಲ, ಕಟ್ಟಿದ. ನೂರಾರು ಬಾವಲಿಗಳು ಗೇಣಗಲದ ಸಂದಿಯಲ್ಲಿ ಹಾದುಹೋದವು.

"ಹದಿನೆಂಟು ವರ್ಷ," ಎಂದರು ಮೇಡಂ. "ಬದುಕಿರುತ್ತಾ?"

"ಗ್ಲೂಕೋಸ್ ತಂದಿದ್ದೀನಿ."

ಬಲೆ ಅಲುಗಿತು.

ಬಲೆಯವನು ಹೆಜ್ಜೆ ಇಟ್ಟ. ಮೇಡಂ ಅವನ ತೋಳು ಹಿಡಿದರು. "ತಡಿ. ಈ ಸಲ ತಲೆಯ ಕಡೆ ನಾನು ಹಿಡೀತೀನಿ."

ಇಲ್ಲಿ ಮೇಡಂ ನನ್ನ ಕಡೆ ತಿರುಗಿ, ಮುಂದಿನದು ಬರೆ, ಕಿವಿ ಹೇಗಿದೆ ನೋಡಿ ಹೇಳು ಎನ್ನುತ್ತಿದ್ದಾರೆ. ನೀವೂ ಅದನ್ನೇ ಕೇಳುತ್ತೀರಿ, ಗೊತ್ತು. ಹರಿದಿದೆ ಎಂದರೆ ನೀವು ಸಮಾಧಾನವಾಗಿ ಪುಸ್ತಕ ಮುಚ್ಚುತ್ತೀರಿ. ಹರಿದಿಲ್ಲ ಎಂದರೆ ಒಂದು ನಿಟ್ಟುಸಿರು ಬಿಟ್ಟು ಮುಚ್ಚುತ್ತೀರಿ. ಹೇಗೂ ಮುಚ್ಚುತ್ತೀರಿ. ಅದಕ್ಕೇ ಹೇಳುವುದಿಲ್ಲ. ಮೇಲಾಗಿ, ಇಷ್ಟು ವರ್ಷ ತಲೆಯ ಕಡೆ ನಿಂತಿದ್ದವನು ಈಗ ರೆಕ್ಕೆಯ ಕಡೆ ಇದ್ದೇನೆ. ಇಲ್ಲಿಂದ ಕಿವಿ ಕಾಣಿಸುವುದಿಲ್ಲ.