ತಿದ್ದದ ಕೈಗಳು

ಮಗಳು ಐದನೆಯ ಸಾಲನ್ನು ಹೊಡೆದುಹಾಕಿ ಮತ್ತೆ ಅದನ್ನೇ ಬರೆಯುತ್ತಿದ್ದಳು. ಹೊರಗಿನ ಹಜಾರದಲ್ಲಿ ಅಮ್ಮನ ದೇಹವಿತ್ತು. ಅದನ್ನು ಒಯ್ಯುವ ಮೊದಲು ನಾಲ್ಕು ಮಾತು ಆಡಬೇಕಾದವಳು ಅವಳೇ. ಅಮ್ಮ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ದುಡಿದದ್ದು, ಗಂಡ ಸತ್ತ ಮೇಲೆ ಮಗಳನ್ನು ಓದಿಸಿದ್ದು, ಇಷ್ಟು ಸಲೀಸಾಗಿ ಬಂದಿತ್ತು. ಮುಂದಿನ ವರ್ಷಗಳಿಗೆ ಮಾತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಅಮ್ಮ, ವಯಸ್ಸು ನೋಡದೆ ಎಲ್ಲರನ್ನೂ ಸೇರಿಸಿಕೊಳ್ಳುವ ಸಮುದಾಯ ಕಾಲೇಜಿನಲ್ಲಿ ಇಂಗ್ಲಿಷ್ ಓದಿದ್ದಳು. ಓದು ಮುಗಿದ ಮೇಲೂ ಅಲ್ಲಿಗೇ ಹೋಗುತ್ತಿದ್ದಳು. ಏತಕ್ಕೆಂಬುದು ಮಗಳಿಗೆ ಗೊತ್ತಿರಲಿಲ್ಲ.

“ಹೊತ್ತು ಕಳೆಯೋಕೆ ಹೋಗ್ತಿದ್ಳು ಅಂತ ಬರಿ,” ಎಂದ ಸೋದರಮಾವ. “ಸತ್ತೋಳು ಎದ್ದು ಬಂದು ತಕರಾರು ತೆಗೀತಾಳಾ?”

ಅವಳು ಹಾಗೆ ಬರೆಯಲಿಲ್ಲ. ಹಜಾರದ ಕೊನೆಯ ಬೆಂಚಿನಲ್ಲಿ ಅಪರಿಚಿತರು ಮೂವರು ಕುಳಿತಿದ್ದರು: ಸಮವಸ್ತ್ರದಲ್ಲೇ ಬಂದ ದಾದಿ, ಅಗ್ನಿಶಾಮಕ ವಾಹನದ ಚಾಲಕ, ಅಚ್ಚುಮನೆಯಲ್ಲಿ ಕರಡು ತಿದ್ದುವ ಹೆಂಗಸು. ಕಾಲೇಜಿನಿಂದ ಬಂದವರೆಂದು ಯಾರೋ ಹೇಳಿದ್ದರು. ಮಗಳು ಕಾಗದ ಹಿಡಿದು ಎದ್ದಳು.

*

ಕಾಲೇಜಿಗೆ ಸೇರಿದ ದಿನ ಅಮ್ಮ ಚೀಲಕ್ಕೆ ಕನ್ನಡಕ ತುರುಕುತ್ತಿದ್ದಳು.

“ಈ ವಯಸ್ಸಲ್ಲಿ ಇಂಗ್ಲಿಷ್ ಓದಿದ್ರೆ ಯಾರಮ್ಮ ಕೆಲಸ ಕೊಡ್ತಾರೆ?”

“ಕೆಲಸ ಯಾರು ಕೇಳಿದ್ರು ಕಣೇ? ಒಬ್ಬರ ತಲೇಲಿರೋದು ಇನ್ನೊಬ್ಬರ ತಲೆಗೆ ಹೇಗೆ ಹೋಗುತ್ತೆ ಅಂತ ನೋಡ್ಬೇಕು ನಂಗೆ.”

ಮಗಳು ಅದನ್ನು ಉತ್ತರವೆಂದು ಎಣಿಸಲಿಲ್ಲ. ಮತ್ತೆ ಕೇಳಲೂ ಇಲ್ಲ.

*

ಅಮ್ಮನಿಗೆ ಅಲ್ಲಿ ಕೆಲಸವೇ ಸಿಕ್ಕಿತ್ತೆಂದು ಬೆಂಚಿನವರು ಹೇಳಿದರು. ಗ್ರಂಥಾಲಯದ ಪಕ್ಕ ಒಂದು ಬರವಣಿಗೆ ಕೋಣೆಯಂತೆ. ಒಂದು ಮೇಜು, ಎರಡು ಕುರ್ಚಿ. ಬರೆಯಲು ತಿಣುಕುವವರು ಅಮ್ಮನ ಎದುರು ಬಂದು ಕೂರುತ್ತಿದ್ದರಂತೆ. ದಾದಿ, ತರಬೇತಿಗೆ ಸೇರುವ ಅರ್ಜಿಯನ್ನು ತಂದಿದ್ದಳು. ಚಾಲಕ, ಬಡ್ತಿಗೆ ಅಡ್ಡ ಬಂದಿದ್ದ ಅಪಘಾತದ ವರದಿ. ಕರಡು ತಿದ್ದುವವಳು ಅಲ್ಲಿಯೇ ಇಂಗ್ಲಿಷ್ ಓದಿ ಅಚ್ಚುಮನೆ ಸೇರಿದವಳು.

“ಹಾಗಾದ್ರೆ ಅಮ್ಮ ನಿಮ್ಮ ತಪ್ಪುಗಳನ್ನ ತಿದ್ದಿಕೊಡ್ತಿದ್ಲಾ?”

“ಒಂದನ್ನೂ ತಿದ್ದಲಿಲ್ಲ,” ಎಂದಳು ದಾದಿ. “ಎರಡೂ ಕೈ ತೊಡೆ ಕೆಳಗಿಟ್ಕೊಂಡು ಕೂತ್ಬಿಡೋರು. ಜೋರಾಗಿ ಓದು ಅನ್ನೋರು. ಸುಳ್ಳು ಬರೆದ ಕಡೆ ನಾಲಿಗೆ ತಾನೇ ಎಡವೋದು. ಆಗ, ನಿಜವಾಗಿ ಏನಾಯ್ತು ಅಂತ ಕೇಳೋರು.”

ನನಗೆ ಸಿಟ್ಟು ಬಂದು, ನೀವು ತಿದ್ದದಿದ್ದರೆ ಗೋಡೆಗೇ ಓದಿ ಹೇಳಬಹುದಲ್ಲ ಎಂದಿದ್ದೆ ಎಂದ ಚಾಲಕ. ಗೋಡೆಗೆ ಓದು, ಅದು ಒಪ್ಪಿದರೆ ನಾನು ಮನೆಗೆ ಹೋಗುತ್ತೇನೆ ಎಂದಿದ್ದಳಂತೆ ಅಮ್ಮ.

“ಕೈ ಯಾಕೆ ತೊಡೆ ಕೆಳಗೆ?”

“ನಾನೂ ಕೇಳಿದ್ದೆ,” ಎಂದಳು ಕರಡು ತಿದ್ದುವವಳು. “‘ಇಸ್ತ್ರಿ ಮಾಡಿದ ಕೈ ಕಣೇ, ಸುಕ್ಕು ಕಂಡ್ರೆ ಸುಮ್ನಿರಲ್ಲ. ಬಿಟ್ರೆ ನಿನ್ನ ಬರಹ ನನ್ನದಾಗ್ಬಿಡುತ್ತೆ’ ಅಂದ್ರು.”

ಮಗಳು ಕಾಗದವನ್ನೂ ಪೆನ್ನನ್ನೂ ಅವಳತ್ತ ಚಾಚಿದಳು. “ಇದನ್ನ ನೀವೇ ಸರಿಮಾಡಿಕೊಡಿ. ಹೊತ್ತಾಯ್ತು.”

ಅವಳು ತೆಗೆದುಕೊಳ್ಳಲಿಲ್ಲ. “ಓದಿ,” ಎಂದಳು.

ಮಗಳು ಓದಿದಳು. ನಾಲ್ಕು ಸಾಲು ತಡೆಯಿಲ್ಲದೆ ಸಾಗಿದವು. ಐದನೆಯದು, ‘ನಮ್ಮಮ್ಮ ತನಗಾಗಿ ಏನನ್ನೂ ಬಯಸಿದವಳಲ್ಲ.’ ಅದರ ನಡುವೆ ದನಿ ನಿಂತಿತು. ಮತ್ತೆ ಓದಿದಳು, ಅಲ್ಲಿಯೇ ನಿಂತಿತು. ಸೋದರಮಾವ ದೂರದಿಂದ ಕೈಸನ್ನೆ ಮಾಡಿದ. ಅವಳು ಆ ಸಾಲನ್ನು ಹೊಡೆದು, ಕಾಗದವನ್ನು ಮಡಚಿ, ಅಮ್ಮನ ತಲೆಯ ಬಳಿ ಹೋಗಿ ನಿಂತಳು.

“ನಮ್ಮಮ್ಮನಿಗೆ ಒಂದು ವಿಷಯ ತಿಳ್ಕೋಬೇಕಿತ್ತು,” ಎಂದು ಶುರುಮಾಡಿದಳು. “ಅದೇನು ಅಂತ ನಾನು...”

ಅವಳು ತಲೆಯೆತ್ತಿ ನೋಡಿದಳು. ಕೊನೆಯ ಬೆಂಚಿನಲ್ಲಿ ಮೂವರೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕಾಯುತ್ತಿದ್ದರು.